ಏಕಾದಶಿಯ ಶಾರ್ಕುಗಳು

ಮೀನು ಎಣಿಸುವುದೇನು ಮಹಾ ವಿದ್ಯೆಯೇ? ಮೂವತ್ತು ವರ್ಷ ಅಕ್ಕಿಯಲ್ಲಿ ಕಲ್ಲು ಆರಿಸಿದ ಕಣ್ಣು ನನ್ನದು!

ಕುವೆಂಪುನಗರದಲ್ಲಿ ನಮ್ಮ ಕಾಂಪೌಂಡಿಗೆ ಅಂಟಿಕೊಂಡ ಮನೆ ಗಿರಿಜಮ್ಮನವರದು. ಅವರ ಸೊಸೆ ಸಹನಾ ಮನೆಯಲ್ಲೇ ಕೂತು ಸಮುದ್ರದ ಮೀನಿನ ಸಂಶೋಧನೆ ಮಾಡುತ್ತಾಳೆ. ದೊಡ್ಡ ದೋಣಿಗಳು ಮೈಲುಗಟ್ಟಲೆ ಹಗ್ಗಕ್ಕೆ ಸಾವಿರಾರು ಗಾಳ ಕಟ್ಟಿ ಇಳಿಬಿಡುತ್ತವಂತೆ. ಬೇರೆ ಮೀನಿಗೆಂದು ಹಾಕಿದ ಗಾಳಕ್ಕೆ ಶಾರ್ಕೂ ಸಿಕ್ಕಿಬೀಳುತ್ತದೆ. ಸಾವಿರ ಗಾಳಕ್ಕೆ ಎಷ್ಟು ಶಾರ್ಕ್ ಎಂಬುದೇ ಅವಳ ಲೆಕ್ಕ. ದೋಣಿಯ ಕ್ಯಾಮರಾದ ವಿಡಿಯೋ ನೋಡಿ ಎಣಿಸಿಕೊಡುವುದು ಅತ್ತೆ.

"ನಮ್ಮತ್ತೆ ಕಣ್ಣು ಅಂದ್ರೆ ಕಣ್ಣು ಆಂಟಿ! ಒಂದೂ ತಪ್ಪಲ್ಲ," ಎಂದು ಸಹನಾ ನನ್ನೆದುರೇ ಹೊಗಳಿದಳು. ಅವತ್ತು ನನಗೆ ಊಟ ಸೇರಲಿಲ್ಲ.

"ನಂಗೂ ಕೊಡೇ, ಎಣಿಸ್ತೀನಿ," ಎಂದೆ.

ನಮ್ಮೆಜಮಾನರು ಪೇಪರಿನ ಹಿಂದಿನಿಂದ, "ಮೀನಂಗಡಿ ಕಂಡ್ರೆ ರಸ್ತೆ ದಾಟೋಳು ನೀನು!" ಎಂದರು.

"ಗಿರಿಜಮ್ಮ ಏನು ಮೀನು ತಿಂದು ಬೆಳೆದವರಾ?"

ಹೋದ ವರ್ಷದ ಮೂರು ತಿಂಗಳ ವಿಡಿಯೋ ಬಂತು, ದಿನಕ್ಕೊಂದು. ಒಂದೊಂದು ಶಾರ್ಕಿಗೂ ಒಂದೊಂದು 'ಕೃಷ್ಣಾ' ಎನ್ನುತ್ತಾ ಎಣಿಸಿದೆ. ಒಂದು ವಿಡಿಯೋದ ತಾರೀಖು ನೋಡಿ ಅನುಮಾನ ಬಂತು. ಹಳೆ ಪಂಚಾಂಗ ತೆಗೆದೆ. ಏಕಾದಶಿ! ಅಂಥ ದಿನ ಸತ್ತ ಜೀವಗಳನ್ನು ಕಣ್ಣಿಟ್ಟು ಎಣಿಸುವುದೇ? ಆ ದಿನದ ಲೆಕ್ಕ ಖಾಲಿ ಬಿಟ್ಟರೆ ಗಿರಿಜಮ್ಮ ನನ್ನನ್ನು ಸೋಮಾರಿ ಅಂದಾರು. ಸೊನ್ನೆ ಬರೆದೆ. ಆಮೇಲಿನ ಏಕಾದಶಿಗಳಿಗೂ ಸೊನ್ನೆ.

ಲೆಕ್ಕ ಒಪ್ಪಿಸಿ ವಾರ ಕಳೆದ ಮೇಲೆ ಸಹನಾ ಓಡಿಬಂದಳು. "ಆಂಟಿ, ಹದಿನೈದು ದಿನಕ್ಕೊಂದ್ಸಲ ಒಂದು ಶಾರ್ಕೂ ಬಿದ್ದಿಲ್ಲ! ಚಂದ್ರನ ಲೆಕ್ಕಕ್ಕೆ ಸರಿಯಾಗಿ! ನಮ್ಮ ಗೈಡ್ ಮೇಡಂಗೆ ಹೇಳ್ಬುಟ್ಟೆ!"

ಆಗಲೇ ಬಾಯಿಬಿಡಬೇಕಿತ್ತು. ಆದರೆ ಅವಳ ಹಿಂದೆ ನಿಂತಿದ್ದ ಗಿರಿಜಮ್ಮನವರ ಮುಖ ಬಾಡಿತ್ತು. ಎಂಥ ಸುಂದರ ದೃಶ್ಯ!

"ಎಣಿಸೋಕೆ ಕಣ್ಣು ಚುರುಕಿರಬೇಕು ಕಣಮ್ಮ," ಎಂದುಬಿಟ್ಟೆ.

ಗಿರಿಜಮ್ಮ ತಾರೀಖುಗಳನ್ನು ನೋಡಿದರು. ಬೆರಳು ಮಡಿಸಿದರು. "ಸಹನಾ, ಇವೆಲ್ಲ ಏಕಾದಶಿ ಕಣೇ. ಉಪವಾಸ ಶಾರ್ಕ್ ಮಾಡಿದ್ವೋ, ಇವರು ಮಾಡಿದ್ರೋ ಕೇಳು!"

ನಾನು ನೆಲ ನೋಡಿದೆ.

"ಆಂಟಿ! ನೋಡ್ದೇ ಇರೋದೂ, ಒಂದೂ ಬೀಳ್ದೇ ಇರೋದೂ ಒಂದೇನಾ?" ಸಹನಾ ತಲೆ ಮೇಲೆ ಕೈ ಹೊತ್ತು, ಮೇಡಂಗೆ ಫೋನ್ ಮಾಡಿ ಕ್ಷಮೆ ಕೇಳಿದಳು. ನನ್ನ ಹೆಸರೆತ್ತಲಿಲ್ಲ, ಅದೊಂದು ದೇವರ ದಯೆ.

"ಆ ಆರು ದಿನದ್ದು ನಾನೇ ಎಣಿಸ್ತೀನಿ ಬುಡು. ಪಾಪ ನಂಗಿರ್ಲಿ," ಎಂದರು ಗಿರಿಜಮ್ಮ, ಮಹಾತ್ಯಾಗಿಯಂತೆ.

ಮರುದಿನ ಸಂಜೆ ಜಪಮಾಲೆ ಹಿಡಿದು ದೇವರ ಮುಂದೆ ಕೂತೆ. ಕಾಂಪೌಂಡಿನಾಚೆ ಎಣಿಕೆ ನಡೆದಿತ್ತು. ಎಷ್ಟು ಜಪವಾಯಿತೋ ಕೃಷ್ಣನಿಗೇ ಗೊತ್ತು. "ಭೇಷ್ ಅತ್ತೆ!" ಎಂದು ಕೇಳಿಸಿದ್ದು ಮಾತ್ರ ಏಳು ಸಲ.

ಆ ಲೆಕ್ಕದಲ್ಲಿ ಒಂದೂ ತಪ್ಪಿಲ್ಲ!