ಬಿತ್ತ್! ಬಿತ್ತ್!

ನನ್ನ ಸೋದರಮಾವ ಕೋಟ್ಯಧಿಪತಿ. ಕೋಟಿ ಇನ್ನೂ ಕೈಗೆ ಬಂದಿಲ್ಲ, ಅಷ್ಟೇ! ಮೂವತ್ತು ವರ್ಷದಿಂದ ಮಟ್ಕಾ ಆಡುತ್ತಿದ್ದಾರೆ; ನಾಳೆ ಬರುತ್ತದಂತೆ.

ಮಾವನಿಗೆ ಜಗತ್ತೆಲ್ಲ ನಂಬರ್. ಬಸ್ಸು ಬಂದರೆ ಬೋರ್ಡು ನೋಡುವುದಿಲ್ಲ, ನಂಬರ್ ಪ್ಲೇಟ್ ನೋಡಿ ಹತ್ತುತ್ತಾರೆ. ಉಪ್ಪುಂದದಿಂದ ಕುಂದಾಪುರಕ್ಕೆ ಹೊರಟವರು ಎದುರು ದಿಕ್ಕಿನ ಬೈಂದೂರಿನಲ್ಲಿ ಇಳಿದದ್ದುಂಟು! ಸಾವಿನ ಮನೆಗೂ ತಪ್ಪದೆ ಹೋಗುತ್ತಾರೆ. "ಅಜ್ಜಯ್ಯಂಗೆ ಎಷ್ಟ್ ವರ್ಷ ಆಯಿತ್?" ಎಂದು ಕೇಳುವಾಗ ಆ ಮುಖದ ಮರುಕ ನೋಡಬೇಕು. "ಎಂಬತ್ತೇಳೋ ಎಂಟೋ" ಅಂದರೆ ಮಾತ್ರ ಸಿಟ್ಟು.

"ಸಮಾ ಹೇಳಿ ಮಾರಾಯ್ರೆ, ಅಂದಾಜಂಗೆ ಎಂತ ಮಾಡೂದ್?"

"ದೊಡ್ಡದೊಂದ್ ಬೀಳ್ಲಿ, ನಿಂಗೆ ಕಾಸಿನ ಸರ ಮಾಡ್ಸತೆ ಕಾಣ್" ಎಂದು ಅತ್ತೆಗೆ ದಿನಾ ಆಶ್ವಾಸನೆ.

"ಸರ ಬ್ಯಾಡ. ಬಾಮಿಕಟ್ಟಿ ಪಾಚಿ ಉಜ್ಜಿ ಕೊಡಿ, ಕಾಲ್ ಜಾರತ್ತ್" ಎನ್ನುತ್ತಿದ್ದರು ಅತ್ತೆ. ಬಾವಿಕಟ್ಟೆಯ ಪಾಚಿಯಲ್ಲಿ ಯಾವ ನಂಬರೂ ಕಾಣದ್ದರಿಂದ ಮಾವ ಅತ್ತ ತಲೆ ಹಾಕಲಿಲ್ಲ.

ಇಲ್ಲಿ ನಮ್ಮ ಭಾಷೆಯ ಒಂದು ಗ್ರಹಚಾರ ಹೇಳಬೇಕು. ಮಟ್ಕಾದಲ್ಲಿ ನಂಬರ್ ಹೊಡೆದರೆ "ಬಿತ್ತ್" ಎನ್ನುತ್ತೇವೆ. ಹೆಂಗಸು ಬಿದ್ದರೂ "ಬಿತ್ತ್" ಅನ್ನುವುದೇ! ಕುಂದಾಪ್ರ ಕನ್ನಡದಲ್ಲಿ ಅಮ್ಮನೂ ಬಂತು, ಅಕ್ಕನೂ ಹೋಯಿತು.

ಕಳೆದ ಮಳೆಗಾಲ ಪೇಟೆಯಲ್ಲಿದ್ದ ಮಾವನಿಗೆ ಪಕ್ಕದ ಮನೆಯಾಕೆ ಫೋನಿನಲ್ಲಿ ಕೂಗಿದರು: "ಹ್ವಾಯ್, ಬಿತ್ತ್! ಬಿತ್ತ್! ಬೇಗ ಬನ್ನಿ!"

"ಬಿತ್ತಾ! ಎಷ್ಟ್?"

"ಎಷ್ಟಾ? ಒಂದೇ ಸಲ..." ಎನ್ನುವಷ್ಟರಲ್ಲಿ ಮಾವ ಫೋನ್ ಇಟ್ಟಾಗಿತ್ತು.

ಎರಡು ಕಿಲೋ ಲಾಡು ಕಟ್ಟಿಸಿಕೊಂಡು ರಿಕ್ಷಾದಲ್ಲಿ ಬಂದರು. ಅಂಗಳದಲ್ಲಿ ಜನ ಕಂಡು, ಸುದ್ದಿ ಆಗಲೇ ಹಬ್ಬಿದೆ ಎಂದುಕೊಂಡು ಹಂಚತೊಡಗಿದರು! ಮೂರನೆಯ ಲಾಡು ಕೊಡುವಾಗ ಜಗಲಿಯಲ್ಲಿ ಮಲಗಿಸಿದ್ದ ಅತ್ತೆ ಕಂಡರು. ಬಾವಿಕಟ್ಟೆಯಲ್ಲಿ ಜಾರಿ ಸೊಂಟದ ಮೂಳೆ ಮುರಿದಿತ್ತು.

ಆಸ್ಪತ್ರೆಯಲ್ಲಿ ಮಾವ ನನ್ನ ಕೈ ಹಿಡಿದು ಗಳಗಳ ಅತ್ತರು. "ನಾ ಎಷ್ಟ್ ಅಂತ ಕೇಂಡೆ ಮಾರಾಯ, ಎಷ್ಟ್ ಅಂತ!" ಇನ್ನು ಮಟ್ಕಾ ಮುಟ್ಟುವುದಿಲ್ಲ ಎಂದು ಅತ್ತೆಯ ತಲೆ ಮುಟ್ಟಿ ಆಣೆ ಮಾಡಿದರು. ಆದರೆ ಸಂಜೆ ನಂಬರ್ ಬರುವ ಹೊತ್ತಿಗೆ ಅವರ ಕಾಲು ತನ್ನಷ್ಟಕ್ಕೆ ಕುಣಿಯತೊಡಗಿತು. ಅತ್ತೆ ಅವರ ಅಂಗಿಯ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು. ಆ ದಿನ ಮಾವ ಎಲ್ಲಿಗೂ ಹೋಗಲಿಲ್ಲ. ನನಗೆ ಎಂಥ ಆಸೆ ಹುಟ್ಟಿತು ಗೊತ್ತೇ?

ಮರುದಿನ ಸಂಜೆಯೂ ಅಂಗಿ ಹಿಡಿದುಕೊಂಡೇ ಅತ್ತೆಗೆ ಜೊಂಪು ಹತ್ತಿತು. ಮಾವ ಒಂದೊಂದೇ ಬೆರಳನ್ನು, ನೋವಾಗದ ಹಾಗೆ, ಬಿಡಿಸಿ ಎದ್ದು ಹೊರಟರು. ನನ್ನ ಮುಖ ನೋಡಲಿಲ್ಲ. ನನಗೆ ಸಿಟ್ಟು ಬಂತು, ಅಳುವೂ ಬಂತು. ಅತ್ತೆಯ ಕೈ ಹಾಸಿಗೆಯ ಮೇಲೆ ತಡಕಾಡುತ್ತಿತ್ತು. ಮಾವ ಕೂತಿದ್ದ ಸ್ಟೂಲಿನಲ್ಲಿ ಕೂತು, ನನ್ನ ಅಂಗಿಯ ತುದಿಯನ್ನು ಆ ಕೈಗೆ ಕೊಟ್ಟೆ.