ಕಾವಾಸಾಕಿಯಲ್ಲಿ ನನ್ನ ಗುಡುಗು

ಗುಡುಗಿನ ವಿಷಯದಲ್ಲಿ ನನಗೆ ಪಾಠ ಹೇಳುವ ಗಂಡು ಇನ್ನೂ ಹುಟ್ಟಿಲ್ಲ! ಶಾಲೆ ನನ್ನ ತಲೆಗೆ ಹತ್ತಲಿಲ್ಲ, ನಿಜ. ಆದರೆ ನಾಟಕ ಕಂಪನಿಯ ಪರದೆಯ ಹಿಂದೆ ತಗಡು ಅಲುಗಿಸಿ ಗುಡುಗನ್ನೂ, ಮೊರದಲ್ಲಿ ರಾಗಿ ಉರುಳಿಸಿ ಮಳೆಯನ್ನೂ ತಂದವನು ನಾನು. ಒಮ್ಮೆ ನನ್ನ ಗುಡುಗಿಗೆ ಮುಂದಿನ ಸಾಲಿನ ಹುಡುಗಿಯೊಬ್ಬಳು ಬೆಚ್ಚಿ ಎದ್ದೇ ನಿಂತಳು. ಬಿಡುತ್ತೇನೆಯೇ? ಅವಳನ್ನೇ ಕಟ್ಟಿಕೊಂಡೆ. ಅವಳೇ ಮಾಲತಿ.

ಈಗ ಇಬ್ಬರೂ ಜಪಾನಿನ ಕಾವಾಸಾಕಿಗೆ, ಮಗಳು ಕೃಪಾಳ ಮನೆಗೆ ಬಂದಿದ್ದೇವೆ. ಭಾನುವಾರ ಅವಳು ಟಿವಿಯಲ್ಲಿ ಒಂದು ಸಿನಿಮಾ ಹಾಕಿದಳು. ದೆವ್ವದ ಚಿತ್ರಗಳಿಗೆ ಸದ್ದು ಕಟ್ಟುವವನ ಕಥೆ. ದೆವ್ವ ಒಮ್ಮೆಯೂ ಮುಖ ತೋರಿಸುವುದಿಲ್ಲ! ಕತ್ತಲ ಕೋಣೆಯಲ್ಲಿ ಒಬ್ಬ ಮುದುಕ ಒದ್ದೆ ಚರ್ಮ ಹಿಂಡುತ್ತಾನೆ, ತುಕ್ಕು ಹಿಡಿದ ಬಾಗಿಲು ತಳ್ಳುತ್ತಾನೆ, ಅಷ್ಟೇ. ನಮ್ಮ ಬೆನ್ನ ಮೇಲೆ ಇರುವೆ ಹರಿಯುತ್ತದೆ. ಸದ್ದಿಗಿಂತ ಸದ್ದು ನಿಂತ ಗಳಿಗೆಯೇ ಹೆಚ್ಚು ಹೆದರಿಸಿತು. ನನಗೆ ಮಾತ್ರ ಕಣ್ಣು ತುಂಬಿತು. ಪೆಟ್ರೋಮ್ಯಾಕ್ಸ್ ಬೆಳಕು, ಮುಖಕ್ಕೆ ಹಚ್ಚುವ ಬಣ್ಣದ ವಾಸನೆ, ಅಂಗೈಯಲ್ಲಿ ತಗಡಿನ ನಡುಕ, ಎಲ್ಲ ಮರಳಿ ಬಂದವು.

ಮರುದಿನ ಮಧ್ಯಾಹ್ನ ಮೊಮ್ಮಗಳು, ಇಂದು ಅಂತ ಅವಳ ಹೆಸರು, ಶಾಲೆಯಿಂದ ಬರುವುದನ್ನೇ ಕಾದಿದ್ದು, ಓವನ್ನಿನ ದೊಡ್ಡ ಟ್ರೇ ಎಳೆದೆ.

"ನಿಜವಾದ ಗುಡುಗು ಕೇಳ್ತೀಯೇನವ್ವಾ?"

"ಬ್ಯಾಡ ಕಣ್ರೀ!" ಎಂದಳು ಮಾಲತಿ. "ಇಲ್ಲಿನ ಜನ ಸೀನಿದ್ರೂ ಸುಮಿಮಾಸೆನ್ ಅಂತಾರೆ!"

"ಕಲೆಗೆ ಕ್ಷಮಾಪಣೆ ಯಾಕೆ?" ಎಂದವನೇ ಅಲುಗಿಸಿದೆ ನೋಡಿ! ಗಡಗಡ ಗುಡುಗುಡು! ಅಡುಗೆಮನೆಯ ಲೋಟಗಳೂ ತಾಳ ಹಾಕಿದವು.

"ರೀ! ನಿಲ್ಸ್ರೀ ಸಾಕು!" ಮಾಲತಿ ಕಿರುಚಿದಳು.

ನೋಡಿದರೆ ನಮ್ಮ ಇಂದು ಮೇಜಿನ ಕೆಳಗೆ, ಅದರ ಕಾಲು ಹಿಡಿದು ಮುದುಡಿದ್ದಾಳೆ! ಭೂಕಂಪವಾದರೆ ಹೀಗೆ ಮಾಡಿ ಎಂದು ಶಾಲೆಯಲ್ಲಿ ಕಲಿಸಿದ ವಿದ್ಯೆ.

"ನೋಡಿದ್ಯಾ ಮಾಲತಿ? ಕೈ ಇನ್ನೂ ಹಳೇ ಕೈಯೇ!"

ಅಷ್ಟರಲ್ಲಿ ಕರೆಗಂಟೆ. ಬಾಗಿಲಲ್ಲಿ ಪಕ್ಕದ ಮನೆಯ ಅಜ್ಜಿ ಒಗಾವಾ ಸಾನ್. ತಲೆಗೆ ಹೆಲ್ಮೆಟ್, ಬೆನ್ನಿಗೆ ಭೂಕಂಪಕ್ಕೆಂದೇ ಕಟ್ಟಿಟ್ಟ ಚೀಲ! ನಾನು ಹಬೆಯಲ್ಲಿಟ್ಟ ಇಡ್ಲಿಯಂತೆ ಉಬ್ಬಿದೆ.

"ಇಂದು, ಕೇಳು, ನನ್ನ ಗುಡುಗು ಹೆಂಗಿತ್ತಂತೆ?"

ಇಂದು ಜಪಾನಿಯಲ್ಲಿ ವಿಚಾರಿಸಿ ಕಿಸಕ್ಕನೆ ನಕ್ಕಳು. "ತಾತಾ, ಆ ಸೌಂಡ್ ಟ್ರೇನ್ ಅಂದ್ಕೊಂಡ್ರಂತೆ. ನಮ್ಮಜ್ಜಿ ಕಿರುಚಿದ್ದಕ್ಕೆ ಹೆಲ್ಮೆಟ್ ಹಾಕ್ಕೊಂಡ್ರಂತೆ. ಮೀ ಟೂ, ಅದಕ್ಕೇ ಟೇಬಲ್ ಕೆಳಗೆ ಹೋದೆ!"

ಮಾಲತಿ ಆಗಲೇ ಬಾಗಿ ಬಾಗಿ ಸುಮಿಮಾಸೆನ್ ಹೇಳುತ್ತ ಒಗಾವಾ ಸಾನ್ ಕೈಗೆ ಕೋಡುಬಳೆ ತುಂಬುತ್ತಿದ್ದಳು. ನನಗೆ ಉಳಿದದ್ದು ಒಂದೇ ಆಸರೆ.

"ಹೋಗ್ಲಿ ಬಿಡು. ಆವತ್ತು ನಾಟಕದಲ್ಲಿ ನೀನು ಬೆಚ್ಚಿ ಎದ್ದಿದ್ದಾದ್ರೂ ನನ್ನ ಗುಡುಗಿಗೇ ತಾನೆ?"

ಅವಳು ಕೋಡುಬಳೆಯಿಂದ ಕಣ್ಣೆತ್ತಲಿಲ್ಲ.

"ನಿದ್ದೆ ಹೋಗಿದ್ದೆ ಕಣ್ರೀ. ಪಕ್ಕದಲ್ಲಿದ್ದ ನಮ್ಮವ್ವ ಚಿವುಟಿದ್ಲು."