ಶಾಸ್ತ್ರದಲ್ಲಿ ಚರ್ಚಿನ ಮಾತಿಲ್ಲ

ನಮ್ಮ ಚಿಕ್ಕಪ್ಪ ಶಾಸ್ತ್ರವನ್ನು ಕೂದಲೆಳೆಯಷ್ಟೂ ಮೀರುವವರಲ್ಲ. ಹಾಗಂತ ಅದರ ಕೈಗೆ ಸಿಕ್ಕಿಬೀಳುವವರೂ ಅಲ್ಲ! ಏಕಾದಶಿಯ ದಿನ ಅನ್ನ ಮುಟ್ಟುತ್ತಿರಲಿಲ್ಲ. ಪಕ್ಕದೂರು ಹೇವರ್ಡಿನಿಂದ ದೊಡ್ಡದೊಂದು ಪಿಜ್ಜಾ ತರುತ್ತಿದ್ದರು. "ಇದ್ರಲ್ಲಿ ಅಕ್ಕಿ ಎಲ್ಲಿದೆ, ತೋರ್ಸು" ಎಂದು ಸವಾಲು ಬೇರೆ. "ನಿಮ್ಮನ್ನ ಹುಟ್ಸಿದ ದೇವ್ರಿಗೇ ತಲೆನೋವು ಬರ್ಬೇಕು" ಎನ್ನುತ್ತಲೇ ಚಿಕ್ಕಮ್ಮ ತಾವೂ ಒಂದು ತುಂಡು ಎತ್ತಿಕೊಳ್ಳುತ್ತಿದ್ದರು.

ಎಂಬತ್ತರ ದಶಕದ ಒಂದು ಚಳಿಗಾಲದಲ್ಲಿ ಚಿಕ್ಕಮ್ಮ ಹೋಗಿಬಿಟ್ಟರು. ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಯೂನಿಯನ್ ಸಿಟಿಯ ಮನೆಗೆ ಸಮಾಧಾನ ಹೇಳಲು ಬಂದವರಿಗೆ ಚಿಕ್ಕಪ್ಪನೇ ಸಮಾಧಾನ ಹೇಳಿ ಕಳಿಸಿದರು. ಕರ್ಮಾಂತರವನ್ನು ಚಾಚೂ ತಪ್ಪದೆ ಮಾಡಿದರು. ಒಂದು ಹನಿ ಕಣ್ಣೀರು ಹಾಕಲಿಲ್ಲ, ಹೆಂಡತಿಯ ಮಾತೇ ಎತ್ತಲಿಲ್ಲ. ತಿಂಗಳುಗಳು ಕಳೆದರೂ ಹಾಗೇ. ಈ ಮನುಷ್ಯ ಒಳಗೊಳಗೇ ಕುಸಿದುಹೋಗುತ್ತಾರೇನೋ ಎಂದು ಅಣ್ಣನ ಮಗಳಾದ ನನಗೆ ದಿಗಿಲು.

"ದೇವಸ್ಥಾನಕ್ಕಾದ್ರೂ ಬನ್ನಿ ಚಿಕ್ಕಪ್ಪ" ಎಂದೆ.

"ಸಾವಾದ ಮನೆ ಕಣೆ. ವರ್ಷ ತುಂಬೋವರ್ಗೂ ದೇವಸ್ಥಾನದ ಮೆಟ್ಲು ಹತ್ತಂಗಿಲ್ಲ." ಆಮೇಲೆ ತಾವೇ, "ಚರ್ಚಿನ ವಿಷ್ಯ ಶಾಸ್ತ್ರ ಏನೂ ಹೇಳಿಲ್ಲ" ಎಂದರು. ನೋಡಿದಿರಾ?

ಆ ಶನಿವಾರವೇ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಹಳೆಯ ಚರ್ಚಿಗೆ ಹೋದೆವು. ಬೈಜಾಂಟೈನ್ ಅನ್ನುವ ಪ್ರಾಚೀನ ಕ್ರೈಸ್ತ ಶೈಲಿಯ ಕಟ್ಟಡ. ಚಿಕ್ಕಪ್ಪ ಬಾಗಿಲಲ್ಲೇ ಶೂ ಬಿಚ್ಚಿದರು. ಒಳಗೆ ಹೊಡೆಯಲು ಗಂಟೆ ಹುಡುಕಿದರು. ಪ್ರದಕ್ಷಿಣೆಗೆ ಹೊರಟರೆ ಸಂತರ ಚಿತ್ರಗಳ ದೊಡ್ಡ ಗೋಡೆಯೊಂದು ಅಡ್ಡ ಬಂತು. ಅದರಾಚೆ ಪಾದ್ರಿಗಳಿಗೆ ಮಾತ್ರ ಪ್ರವೇಶವಂತೆ. "ಸರಿ ಬಿಡು, ಗರ್ಭಗುಡಿ" ಎಂದು ನಿಂತಲ್ಲೇ ಸುತ್ತತೊಡಗಿದರು. ಪ್ರಾರ್ಥಿಸುತ್ತಿದ್ದವರು ಕಣ್ಣು ಬಿಟ್ಟು ನೋಡಿದರು.

ಸುತ್ತುತ್ತ ಮೇಲೆ ನೋಡಿದರು, ಗುಮ್ಮಟ ಕಂಡಿತು. ಮೊದಲೇ ಕಟ್ಟಡದ ಎಂಜಿನಿಯರು, ಕೇಳಬೇಕೆ?

"ಕೆಳಗೆ ಚೌಕ, ಮೇಲೆ ದುಂಡು. ನಾಲ್ಕು ಮೂಲೇಲೂ ಬಾಗಿದ ಮುಕ್ಕೋನ ಕಟ್ಟಿ ಅಷ್ಟೂ ಭಾರಾನ ಕಂಬಕ್ಕೆ ಇಳಿಸಿದಾರೆ ನೋಡು. ನಡುವೆ ಆಸರೇನೇ ಇಲ್ಲ."

ಬಂಗಾರದ ಗುಮ್ಮಟದೊಳಗಿನಿಂದ ಯೇಸು ನಮ್ಮನ್ನೇ ನೋಡುತ್ತಿದ್ದ. ಚಿಕ್ಕಪ್ಪ ಕತ್ತು ಇಳಿಸಲಿಲ್ಲ. "ಇವ್ಳಿದ್ದಿದ್ರೆ, ಬಾಯಿ ಮುಚ್ಕೊಂಡು ಕೈ ಮುಗೀರಿ ಅಂತಿದ್ಲು" ಎಂದರು. ಅಂತೂ ಚಿಕ್ಕಮ್ಮನ ಮಾತು ಅವರ ಬಾಯಲ್ಲಿ ಬಂತು.

ಬಾಗಿಲ ಬಳಿ ಮೇಣದಬತ್ತಿ ಕೊಡುತ್ತಿದ್ದ ಮುದುಕಿ ಇಂಗ್ಲಿಷಿನಲ್ಲಿ ಅಲ್ಲಿಯ ಕ್ರಮ ತಿಳಿಸಿದಳು. ಬದುಕಿರುವವರಿಗಾಗಿ ಆ ಎತ್ತರದ ದೀಪಗಂಬದಲ್ಲಿ ಹಚ್ಚಬೇಕು, ತೀರಿಕೊಂಡವರಿಗಾಗಿ ಈ ತಗ್ಗು ಮೇಜಿನ ಮೇಲೆ. ಚಿಕ್ಕಪ್ಪ ವಿಧೇಯರಾಗಿ ಕೇಳಿಸಿಕೊಂಡರು. ಶಾಸ್ತ್ರ ಯಾರದಾದರೇನು? ಬತ್ತಿ ಹಚ್ಚಿಕೊಂಡು ಮೇಜಿನವರೆಗೆ ಹೋದರು. ನಿಂತರು. ಕರಗಿದ ಮೇಣ ಬೆರಳ ಮೇಲೆ ಇಳಿಯಿತು. ಆಮೇಲೆ ಹಿಂದಿರುಗಿ ಬಂದು ಬದುಕಿರುವವರ ದೀಪಗಂಬದಲ್ಲಿ ಬತ್ತಿಯನ್ನು ನಿಲ್ಲಿಸಿದರು.

"ಚಿಕ್ಕಪ್ಪ, ಅದು..."

"ಗೊತ್ತು ಕಣೆ. ಇವತ್ತೊಂದಿನ ಇಲ್ಲೇ ಇರ್ಲಿ ಬಿಡು."

ಅಷ್ಟು ಹೇಳಿದವರು ಆ ಜನರ ನಡುವೆಯೇ ದೊಡ್ಡ ದನಿಯಲ್ಲಿ ಅತ್ತುಬಿಟ್ಟರು. ನಾನೂ ಅತ್ತೆ.